ಮೂವತ್ತೇಳನೇ ನಂಬರಿನ ಪೇಢಾ

ಆರನೇ ಇಯತ್ತೆಯಲ್ಲಿ ಮೂವತ್ತೇಳನೇ ನಂಬರು ಬಂದದ್ದಕ್ಕೆ ಮನೆಯವರಿಂದ ಪೇಢಾ ಹಂಚಿಸಿಕೊಂಡವಳು ಇಡೀ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ವರ್ಗದಲ್ಲಿದ್ದವರು ನಲವತ್ತೊಂದು ಮಕ್ಕಳು. ನನ್ನ ಹಿಂದೆ ಉಳಿದ ನಾಲ್ವರಲ್ಲಿ ಇಬ್ಬರು ಪರೀಕ್ಷೆಗೇ ಬಂದಿರಲಿಲ್ಲ. ಇದನ್ನೆಲ್ಲ ಈಗ ನಗುತ್ತ ಹೇಳುತ್ತೇನೆ. ಆಗ ಆರು ತಿಂಗಳು ಆ ಪೇಢಾ ನನ್ನ ಗಂಟಲಿನಿಂದ ಕೆಳಗಿಳಿದಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಊರು ನಿಪ್ಪಾಣಿಯಿಂದ ಭೋಜದ ಕಡೆಗೆ ಹೋಗುವ ದಾರಿಯಲ್ಲಿತ್ತು. ಒಂದು ಮಗ್ಗುಲಿಗೆ ಕಬ್ಬು, ಇನ್ನೊಂದು ಮಗ್ಗುಲಿಗೆ ತಂಬಾಕು. ಊರಲ್ಲಿ ಕನ್ನಡ ಶಾಲೆ, ಮರಾಠಿ ಶಾಲೆ ಎರಡೂ ಇದ್ದವು. ಅಪ್ಪ ನನ್ನನ್ನು ಕನ್ನಡ ಶಾಲೆಗೆ ಹಾಕಿದ್ದ. ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ಅವನಿಗೆ ಮತ್ತು ನನಗೆ, ಇಬ್ಬರಿಗೇ. ಅಪ್ಪನ ತಾಯಿ ಸಣ್ಣವಳಿದ್ದಾಗ ಮರಾಠಿ ಕಲಿತವಳು. ನಾವು ಅವಳನ್ನು ಆಯಿ ಅನ್ನುತ್ತಿದ್ದೆವು. ಅವ್ವನ ತವರು ಗಡಿಯ ಆಚೆ, ಹೀಗಾಗಿ ಅವಳದೂ ನಾಲ್ಕನೆಯವರೆಗೆ ಮರಾಠಿಯೇ. ಅತ್ತೆ ಸೊಸೆ ಇಬ್ಬರೂ ಮಾತಾಡುತ್ತಿದ್ದದ್ದು ಕನ್ನಡ, ಓದುತ್ತಿದ್ದದ್ದು ಮರಾಠಿ, ಜಗಳ ಬಿದ್ದಾಗ ಎರಡೂ ಬರುತ್ತಿದ್ದವು.

ಮನೆಯ ಯಜಮಾನಿಕೆ ಆಯಿಯದು. ಹೊಲದ ಮಾತು ಅಪ್ಪನದಾದರೆ ಹೊಸ್ತಿಲ ಒಳಗಿನದೆಲ್ಲ ಅವಳದು. ಬೆಳಿಗ್ಗೆ ಎದ್ದು, ಮಿಂದು, ಬಸದಿಗೆ ಹೋಗಿ ಬಂದು, ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಿದ್ದಳು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕುತ್ತಿರಲಿಲ್ಲ. ಸುಳ್ಳು ಹೇಳಿದವರ ಮುಖ ನೋಡುತ್ತಿರಲಿಲ್ಲ. ಇಷ್ಟು ಕಟ್ಟುನಿಟ್ಟಿನ ಹೆಂಗಸಿಗೆ ಒಂದೇ ಒಂದು ಚಟ, ಊರಿನ ಹಾಲಿನ ಡೇರಿ. ಎರಡು ಹೊತ್ತೂ ಹಾಲಿನ ಕ್ಯಾನು ತಾನೇ ಹೊತ್ತು ಒಯ್ಯಬೇಕು. ಅಲ್ಲಿ ಹಾಲಿನ ಫ್ಯಾಟು ನೋಡುವ ಮಶಿನ್ನಿತ್ತು. ಅದರ ಮುಂದೆ ಕೂತವನು ಎಲ್ಲರಿಗೂ ಕೇಳುವಂತೆ ಅಂಕಿ ಕೂಗುತ್ತಿದ್ದ. ನಮ್ಮ ಎಮ್ಮೆಯ ಹಾಲು ಏಳು ದಾಟಿದರೆ ಆಯಿ ಸೆರಗು ಸರಿಮಾಡಿಕೊಂಡು, ಸಾಲಿನಲ್ಲಿ ನಿಂತವರನ್ನೆಲ್ಲ ಒಮ್ಮೆ ನೋಡಿ, ನಿಧಾನಕ್ಕೆ ಮನೆಗೆ ಬರುತ್ತಿದ್ದಳು. ಆರಕ್ಕೆ ಇಳಿದ ದಿನ ಅವ್ವನೂ ನಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆವು. ಎಮ್ಮೆ ಕೂಡ ಅಷ್ಟು ಹೊತ್ತು ಸುಮ್ಮನಿರುತ್ತಿತ್ತು ಅಂತ ನನಗೆ ಅನುಮಾನ.

ಶಾಲೆಯಿಂದ ಮನೆಗೆ ವರ್ಷಕ್ಕೆರಡು ಸಲ ಪ್ರಗತಿ ಪತ್ರ ಬರಬೇಕು. ಆ ವರ್ಷ ಛಾಪಿಸಿದ ಪತ್ರಗಳು ನಮ್ಮ ಊರಿನವರೆಗೆ ಬರಲೇ ಇಲ್ಲ. ನಮ್ಮ ವರ್ಗದ ಅಕ್ಕೋರು ಕಾದು ಕಾದು ಬೇಸತ್ತು, ಹಳೆಯ ಉತ್ತರಪತ್ರಿಕೆಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಕತ್ತರಿಸಿ, ಒಬ್ಬೊಬ್ಬರಿಗೂ ಒಂದು ಚೀಟಿ ಬರೆದರು. ಚೀಟಿಯಲ್ಲಿ ಮೂರೇ ಸಾಲು. ಮೊದಲ ಸಾಲು ಹಾಜರಿ, ಎರಡನೆಯದು ಪಾಸೋ ನಾಪಾಸೋ, ಮೂರನೆಯದು ನಂಬರು. ಕೆಳಗೆ ಪಾಲಕರ ಸಹಿ. ದೀಪಾವಳಿ ಸೂಟಿ ಶುರುವಾಗುವ ಹಿಂದಿನ ದಿನ ಕೊಟ್ಟು, ಸೂಟಿ ಮುಗಿಸಿ ಬರುವಾಗ ಸಹಿ ಹಾಕಿಸಿ ತರಬೇಕು ಅಂದರು. ಮನೆಯವರಿಗೆ ತೋರಿಸಿ, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ ಅಂತಲೂ ಎರಡು ಸಲ ಹೇಳಿದರು.

ನನ್ನ ಚೀಟಿಯಲ್ಲಿ ಹಾಜರಿ ತೊಂಬತ್ತೆಂಟು, ಪಾಸು, ನಂಬರು ಮೂವತ್ತೇಳು ಅಂತಿತ್ತು. ಪಾಸು ಅನ್ನೋದು ಅಕ್ಕೋರ ದೊಡ್ಡ ಮನಸ್ಸು.

ಹೆದರುತ್ತಲೇ ಮನೆಗೆ ಬಂದೆ. ಭಯಕ್ಕೆ ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಓದು ಏಳನೆಯ ಇಯತ್ತೆಗೆ ಮುಗಿಯುತ್ತಿತ್ತು. ನನಗೆ ಹೈಸ್ಕೂಲಿಗೆ ಹೋಗುವ ಆಸೆ. ಹೈಸ್ಕೂಲು ನಿಪ್ಪಾಣಿಯಲ್ಲಿ, ಬಸ್ಸಿನಲ್ಲಿ ಹೋಗಬೇಕು. ಓದಿನ ಮೇಲೆ ಅಂಥಾ ಪ್ರೀತಿಯೇನೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ, ನನಗೆ ಬೇಕಾಗಿದ್ದದ್ದು ಆ ಬಸ್ಸು ಮತ್ತು ನಿಪ್ಪಾಣಿ. ಆದರೂ ಆಸೆ ಆಸೆಯೇ. ಈ ಚೀಟಿ ನೋಡಿದರೆ ಆಯಿ ಏಳನೆಯದಕ್ಕೂ ಕಳಿಸುವುದಿಲ್ಲ ಅಂದುಕೊಂಡು ಅಳುಮುಖ ಮಾಡಿಕೊಂಡೇ ಅವಳ ಮುಂದೆ ನಿಂತೆ.

ಕನ್ನಡ ಅಕ್ಷರ ಬಾರದಿದ್ದರೂ ಅಂಕಿ ಆಯಿಗೆ ಚೆನ್ನಾಗಿ ಬರುತ್ತಿತ್ತು. ಚೀಟಿಯನ್ನು ಬೆಳಕಿಗೆ ಹಿಡಿದು, ತೊಂಬತ್ತೆಂಟು ಯಾತರದ್ದು ಅಂತ ಕೇಳಿದಳು. ಶಾಲೆಗೆ ಹೋದ ದಿನ ಅಂದೆ. ನೂರಕ್ಕೆ ಎರಡೇ ಕಡಿಮೆ ಅಂತ ಅವಳ ಮುಖ ಅರಳಿತು. ಪಾಸು ಅಂದಾಗ ಇನ್ನಷ್ಟು ಅರಳಿತು. ಆಮೇಲೆ ಬೆರಳು ಮೂರನೆಯ ಸಾಲಿಗೆ ಬಂತು.

“ಇದ?”

“ನಂಬರ, ಆಯಿ.”

“ಮೂವತ್ತೇಳು,” ಅಂತ ನಿಧಾನಕ್ಕೆ ಓದಿದಳು. “ಬಾಜೂ ಮನಿ ಹುಡುಗೀದು ಎಷ್ಟ ಬಂದೈತಿ?”

ಪಕ್ಕದ ಮನೆಯ ಹುಡುಗಿ ನನ್ನ ವರ್ಗದವಳೇ. ಒಕ್ಕಲುತನದ ಮನೆ, ಐದು ಮಕ್ಕಳಲ್ಲಿ ಮೂರನೆಯವಳು. ಒಂದನೇ ಇಯತ್ತೆಯಿಂದಲೂ ವರ್ಗಕ್ಕೆ ಅವಳೇ ಮೊದಲು. ನಾನು ನಿಜವನ್ನೇ ಹೇಳಿದೆ. ಒಂದು ಅಂದೆ.

ಆಯಿ ನನ್ನ ಮುಖವನ್ನೇ ನೋಡಿದಳು. “ಬರೇ ಒಂದ?” ಅಂದಳು. “ಪಾಪ. ಅಷ್ಟ ಶಾಣೇ ಹುಡುಗಿ ಅನಕೊಂಡಿದ್ದೆ.”

ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಹೊಟ್ಟೆಯೊಳಗಿಂದ ನಗು ಬಂತು, ಅದರ ಬೆನ್ನಿಗೇ ಹೆದರಿಕೆಯೂ ಬಂತು. ಫ್ಯಾಟು ಹೆಚ್ಚಿದ್ದರೆ ಒಳ್ಳೆಯದು, ಹಾಜರಿ ಹೆಚ್ಚಿದ್ದರೆ ಒಳ್ಳೆಯದು. ಒಂದೇ ಚೀಟಿಯಲ್ಲಿ ಮೇಲಿನ ಅಂಕಿ ಹೆಚ್ಚಿದ್ದರೆ ಚೆಂದ, ಕೆಳಗಿನದು ಕಡಿಮೆಯಿದ್ದರೆ ಚೆಂದ ಅಂತ ಅವಳಿಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಒಂದೇ ಒಂದು ಸುಳ್ಳು ಮಾತು ನನ್ನ ನಾಲಿಗೆಯಿಂದ ಬರಲಿಲ್ಲ, ಅಷ್ಟೂ ಸುಳ್ಳು ಸುಮ್ಮನಿದ್ದೇ ಆಯಿತು.

ಆ ಸಂಜೆ ನಮ್ಮ ಕ್ಯಾನು ಡೇರಿಗೆ ಹೋಗಲಿಲ್ಲ. ಹಾಗೆ ಹೋಗದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದ್ದು. ಆಯಿ ಒಲೆಯ ಮುಂದೆ ಕೂತು ಅಷ್ಟೂ ಹಾಲನ್ನು ಖವಾ ಆಗುವವರೆಗೆ ಕಾಯಿಸಿದಳು. ಸಕ್ಕರೆ, ಏಲಕ್ಕಿ ಹಾಕಿ ಪೇಢಾ ಕಟ್ಟಿದಳು. ಅಪ್ಪ ಹೊಲದಿಂದ ಬಂದಾಗ ಚೀಟಿ ಮುಂದಿಟ್ಟು ಸಹಿ ಹಾಕು ಅಂದಳು. ಅವನು ಹಾಕಿದ. ಆಯಿ ನೋಡಿದ್ದಾಳೆ ಅಂತ ಓದದೇ ಹಾಕಿದನೋ, ಓದಿಯೂ ಹಾಕಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಆಯಿ ನಮ್ಮೆಲ್ಲರ ಮುಂದೆ, ಇವಳನ್ನು ಏಳನೆಯದಕ್ಕೆ ನಿಲ್ಲಿಸುವುದು ಬೇಡ, ನಿಪ್ಪಾಣಿ ಹೈಸ್ಕೂಲಿಗೆ ಕಳಿಸೋಣ ಅಂದಳು. ಅಷ್ಟು ದೊಡ್ಡ ಮಾತು ಅಷ್ಟು ಸಲೀಸಾಗಿ ಅವಳ ಬಾಯಿಂದ ಬಂದದ್ದಕ್ಕೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಅವಳ ಕಣ್ಣು ತಪ್ಪಿಸಿದೆ.

ಮರುದಿನ ಬೆಳಿಗ್ಗೆ ಆಯಿ ತಾಟು ಹಿಡಿದು ಹನ್ನೊಂದು ಮನೆಗೆ ಹೋದಳು. ನಾನು ಹಿಂದೆ. ಮೊದಲು ಪಕ್ಕದ ಮನೆ. ಅಲ್ಲಿ ಆ ಹುಡುಗಿ ಅಂಗಳ ಸಾರಿಸುತ್ತಿದ್ದಳು. ಆಯಿ ಅವಳನ್ನು ಹತ್ತಿರ ಕರೆದು, ಕೈ ತೊಳೆಸಿ, ಒಂದು ಪೇಢಾ ಇಟ್ಟು, ತಲೆ ಸವರಿ, ಹೆದರಬೇಡ, ಮುಂದಿನ ಸಲ ನಿನ್ನದೂ ಏರುತ್ತದೆ ಅಂತ ಸಮಾಧಾನ ಹೇಳಿದಳು. ವರ್ಗಕ್ಕೆ ಮೊದಲು ಬಂದ ಹುಡುಗಿ, “ಹೂನ್ರಿ ಆಯಿ,” ಅಂದಳು. ಅಂದು ನನ್ನ ಕಡೆ ನೋಡಿದಳು. ಅವಳ ಅವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಛಲೋ ಆತ್ರಿ ಅಂತ ತಾನೂ ಒಂದು ತೆಗೆದುಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೀಗೇ ಹನ್ನೊಂದು ಮನೆ. ಕೊನೆಗೆ ಅಕ್ಕೋರಿಗೂ ನಾಲ್ಕು ಪೇಢಾ ಪೊಟ್ಟಣ ಕಟ್ಟಿ ನನ್ನ ಕೈಲೇ ಕಳಿಸಿದಳು. ಅಕ್ಕೋರು ದೀಪಾವಳಿಯ ಫರಾಳದ ತಿಂಡಿ ಅಂದುಕೊಂಡಿರಬೇಕು ಅಂತ ನಾನು ಅಂದುಕೊಂಡೆ.

ಸೂಟಿ ಮುಗಿಸಿ ಶಾಲೆಗೆ ಹೋದ ದಿನ ನಾನು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಪಕ್ಕದ ಮನೆಯವಳು ವರ್ಗಕ್ಕೆಲ್ಲ ಹೇಳಿಯೇ ಹೇಳುತ್ತಾಳೆ, ಅವಳು ಬಾಯಿ ತೆಗೆದರೆ ಜಡೆ ಹಿಡಿದು ಎಳೆಯುವುದು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಅವಳು ಏನೂ ಹೇಳಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಹತ್ತಿರ ಬಂದು ಒಂದೇ ಒಂದು ಪ್ರಶ್ನೆ ಕೇಳಿದಳು.

“ಆ ಪೇಢಾ ಮುಗದಾವೇನ?”

ಮುಗಿದವು ಅಂದೆ. ಹೂಂ ಅಂತ ಹೊರಟು ಹೋದಳು. ನನಗೆ ಮೈಯೆಲ್ಲ ಉರಿಯಿತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು, ನಕ್ಕಿದ್ದರೆ ಹೊಡೆಯಬಹುದಿತ್ತು. ಸುಮ್ಮನಿದ್ದವಳಿಗೆ ಏನು ಮಾಡುವುದು?

ಅದೇ ದಿನ ಅಕ್ಕೋರು ನನ್ನನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ಮುಂದೆ ಕೂರಿಸಿದರು, ಅವಳ ಪಕ್ಕಕ್ಕೆ. ಕಾರಣ ಹೇಳಲಿಲ್ಲ. ಅಲ್ಲಿ ಕೂತವರು ತೂಕಡಿಸುವ ಹಾಗಿಲ್ಲ, ಕಿಟಕಿಯಾಚೆ ನೋಡುವ ಹಾಗಿಲ್ಲ. ಶಾಲೆ ಬಿಟ್ಟ ಮೇಲೆ ಅವಳ ಮನೆಯ ಕಟ್ಟೆಯ ಮೇಲೆ ಇಬ್ಬರೂ ಕೂತು ಗಣಿತ ಮಾಡತೊಡಗಿದೆವು. ಅವಳಿಗೆ ಮನೆಗೆಲಸದ ನಡುವೆ ಸಿಗುತ್ತಿದ್ದದ್ದು ಅರ್ಧ ತಾಸು. ಆ ಅರ್ಧ ತಾಸಿನಲ್ಲಿ ಅವಳು ನನಗೆ ಭಿನ್ನರಾಶಿಯನ್ನು ಕಲಿಸಿದ ರೀತಿ ಈಗಲೂ ನೆನಪಿದೆ, ಜೋಳದ ರೊಟ್ಟಿ ಮುರಿದು ಮುರಿದು ತೋರಿಸುತ್ತಿದ್ದಳು, ಲೆಕ್ಕ ಸರಿಬಂದರೆ ಮುರಿದ ತುಂಡು ನನಗೆ, ತಪ್ಪಿದರೆ ಅವಳಿಗೆ. ಮೊದಲ ತಿಂಗಳು ಅವಳೇ ಎಲ್ಲ ತಿಂದಳು. ನಾನು ಹಸಿದು ಕಲಿತೆ. ಮಾಘ ಮುಗಿಯುವಷ್ಟರಲ್ಲಿ ನನಗೂ ಸರಿಯಾಗಿ ಸಿಗತೊಡಗಿತ್ತು. ನಾನು ಹಠದ ಹುಡುಗಿ. ಪೇಢಾ ತಿನ್ನಿಸಿದ್ದೇನೆ, ಇನ್ನು ಅದಕ್ಕೆ ತಕ್ಕಂತೆ ಆಗಲೇಬೇಕು ಅಂತ ಒಂದು ಛಲ ಹೊಕ್ಕಿತ್ತು.

ವಾರ್ಷಿಕ ಪರೀಕ್ಷೆ ಆಯಿತು. ಬೇಸಿಗೆ ಸೂಟಿ ಬಿಡುವ ದಿನ ಅಕ್ಕೋರು ಮತ್ತೆ ಚೀಟಿ ಕೊಟ್ಟರು. ಅವವೇ ಮೂರು ಸಾಲು. ನನ್ನ ನಂಬರು ಒಂಬತ್ತು.

ಒಂಬತ್ತು. ನಾನು ಶಾಲೆಯಿಂದ ಮನೆಯವರೆಗೆ ಓಡಿದೆ. ಖುಷಿಯಲ್ಲಿ ತಲೆ ಎಷ್ಟು ಕೆಟ್ಟಿತ್ತು ಅಂದರೆ, ಆಯಿಯ ಕೈಗೆ ಚೀಟಿ ಕೊಡುವವರೆಗೂ ನನಗೆ ಹಿಂದಿನದು ನೆನಪೇ ಆಗಲಿಲ್ಲ. ಅವಳು ಬೆಳಕಿಗೆ ಹಿಡಿದು ಓದಿದಳು. ಹಾಜರಿ ನೋಡಿ ತಲೆಯಾಡಿಸಿದಳು. ಮೂರನೆಯ ಸಾಲಿಗೆ ಬಂದು ನಿಂತಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ.

“ಮೂವತ್ತೇಳು ಇದ್ದದ್ದು ಒಂಬತ್ತಕ್ಕ ಇಳೀತು. ಹೊಗಳಿ ನಾನ ಕೆಡಿಸಿದೆ ನಿನ್ನ,” ಅಂದಳು. “ನಿಪ್ಪಾಣಿ ಮಾತು ಇಲ್ಲಿಗೆ ಮುಗೀತು. ಏಳನೇದು ಮುಗಸು, ಸಾಕು.”

ನಾನು ಹಿತ್ತಲಿಗೆ ಹೋಗಿ ನೀರಿನ ಕೊಡವನ್ನು ಒದ್ದೆ. ಕೊಡ ತಾಮ್ರದ್ದು, ಅದಕ್ಕೇನೂ ಆಗಲಿಲ್ಲ, ನನ್ನ ಹೆಬ್ಬೆರಳು ಊದಿಕೊಂಡಿತು. ಏನೂ ಓದದೆ ಬಂದ ಮೂವತ್ತೇಳಕ್ಕೆ ಪೇಢಾ, ರೊಟ್ಟಿ ಬಿಟ್ಟು ಓದಿ ತಂದ ಒಂಬತ್ತಕ್ಕೆ ಶಿಕ್ಷೆ. ಇದು ಯಾವ ನ್ಯಾಯ ಅಂತ ಅತ್ತೆ. ಅತ್ತು ಮುಗಿಸಿ ಒಂದು ಉಪಾಯ ಹುಡುಕಿದೆ. ಈಗ ಅದನ್ನು ನೆನೆದರೆ ನನಗೇ ನಾಚಿಕೆ. ಚೀಟಿ ತೆಗೆದುಕೊಂಡು ಕುಂಟುತ್ತ ಅಕ್ಕೋರು ಇದ್ದ ಬಾಡಿಗೆ ಮನೆಗೆ ಹೋದೆ. ಅವರು ಊರಿಗೆ ಹೊರಡಲು ಟ್ರಂಕಿಗೆ ಸೀರೆ ಜೋಡಿಸುತ್ತಿದ್ದರು. ಒಂಬತ್ತರ ಹಿಂದೆ ಒಂದು ಮೂರು ಹಾಕಿಕೊಡಿ, ಮೂವತ್ತೊಂಬತ್ತು ಮಾಡಿ ಅಂತ ಕೇಳಿದೆ.

ಅಕ್ಕೋರು ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟರು. ನಂಬರು ಕಡಿಮೆ ಮಾಡಿಕೊಡಿ ಅಂತ ಬೇಡಿದ ಮಕ್ಕಳನ್ನು ಎಷ್ಟೋ ನೋಡಿದ್ದೇನೆ, ಹೆಚ್ಚು ಮಾಡಿಕೊಡಿ ಅಂದವಳು ನೀನೇ ಮೊದಲು ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, ನಿಮ್ಮ ಪೇಢಾ ತಿಂದ ದಿನವೇ ನನಗೆ ಎಲ್ಲ ಗೊತ್ತಾಗಿತ್ತು ಅಂದರು. ಹಂಗಾಗಿಯೇ ನಿನ್ನನ್ನು ಮುಂದೆ ಕೂರಿಸಿದ್ದು ಅಂದರು. ಒಂಬತ್ತರ ಪಕ್ಕದಲ್ಲಿ ಮಾತ್ರ ಏನೂ ಬರೆಯಲಿಲ್ಲ.

“ಅದು ನಿನ್ನ ದುಡಿಮಿದು ಐತಿ. ಅದರ ಹಿಂದ ಮೂರು ಹಚ್ಚಿ ನಾ ಕೆಡಸಂಗಿಲ್ಲ,” ಅಂದರು. ಬೇಕಾದರೆ ತಾವೇ ಬಂದು ಆಯಿಗೆ ತಿಳಿಸಿ ಹೇಳುವುದಾಗಿಯೂ ಅಂದರು. ಅದು ನನಗೆ ಬೇಡವಾಗಿತ್ತು. ಚೀಟಿ ಮಡಚಿಕೊಂಡು ತಿರುಗಿ ಬಂದೆ.

ಅವ್ವ ದನದ ಕೊಟ್ಟಿಗೆಯಲ್ಲಿದ್ದಳು. ನನ್ನ ಮುಖ ನೋಡಿ, ಅಕ್ಕೋರ ಮನೆಗೆ ಹೋಗಿದ್ದೆಯಾ ಅಂದಳು. ಅವಳಿಗೂ ಗೊತ್ತಿತ್ತು. ನಾಲ್ಕನೆಯವರೆಗೆ ಶಾಲೆಗೆ ಹೋದವಳಿಗೆ ಅಷ್ಟು ಗೊತ್ತಿರುವುದಿಲ್ಲವೇ? ದೀಪಾವಳಿಯ ಹೊತ್ತಿಗೆ ಅತ್ತೆಯ ಬಾಯಿಂದ ನಿಪ್ಪಾಣಿಯ ಮಾತು ಬಂದದ್ದಕ್ಕೆ ಅವಳೂ ಸುಮ್ಮನಿದ್ದಳು. ಮಗಳು ಓದಲಿ ಅನ್ನುವ ಆಸೆ ಅವಳಿಗೆ ನನಗಿಂತ ದೊಡ್ಡದಿತ್ತು ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಹಾಗಾದರೆ ನೀನೇ ಹೇಳು ಅಂತ ಅವಳ ಸೆರಗು ಹಿಡಿದು ಜಗ್ಗಿದೆ.

“ನಾ ಹೇಳಿದ್ರ ಅದು ಸೊಸಿ ಮಾತಾಗತೈತಿ,” ಅಂದಳು ಅವ್ವ. “ನೀ ಹೇಳು. ಖರೇ ಅಂದ್ರ ಖರೇ. ಬೈಸಿಕೋಬೇಕಾದ್ರ ಇಬ್ಬರೂ ಕೂಡೇ ಬೈಸಿಕೊಳ್ಳೂನು.”

ಹೊತ್ತು ಮುಳುಗುವ ಮೊದಲು ಆಯಿ ಉಂಡು ಕೈ ತೊಳೆದು ಪಡಸಾಲೆಯಲ್ಲಿ ಕೂತಳು. ಅವ್ವ ಬಾಗಿಲ ಹತ್ತಿರ ನಿಂತಳು. ನಾನು ಚೀಟಿಯನ್ನು ಆಯಿಯ ಮುಂದೆ ಇಟ್ಟು ಹೇಳಿದೆ. ಒಂದು ಅಂದರೆ ಎಲ್ಲರಿಗಿಂತ ಮುಂದೆ, ನಲವತ್ತೊಂದು ಅಂದರೆ ಎಲ್ಲರಿಗಿಂತ ಹಿಂದೆ. ಸಾಲಿನಲ್ಲಿ ನಿಂತ ಹಾಗೆ. ಡೇರಿಯಲ್ಲಿ ಯಾರು ಮೊದಲು ಬರುತ್ತಾರೋ ಅವರು ಒಂದು. ಆಯಿ ಕೇಳುತ್ತ ಹೋದಂತೆ ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಕೊನೆಗೆ, ಪೇಢಾ ಕಟ್ಟುವಾಗ ನಿನಗೆ ಗೊತ್ತಿತ್ತೋ ಅಂತ ಒಂದೇ ಪ್ರಶ್ನೆ ಕೇಳಿದಳು. ಗೊತ್ತಿತ್ತು ಅಂದೆ. ನನಗೂ ಗೊತ್ತಿತ್ರಿ ಅಂತ ಅವ್ವ ಬಾಗಿಲಲ್ಲೇ ಅಂದಳು.

ಆಯಿ ಬೆರಳು ಮಡಚುತ್ತ ಮನೆಗಳನ್ನು ಎಣಿಸಿದಳು.

“ಹನ್ನೊಂದು ಮನಿ,” ಅಂದಳು. “ಹನ್ನೊಂದು ಮನಿಗೆ ನನ್ನ ಕೈಲೆ ಸುಳ್ಳ ಹಂಚಿಸಿದಿ.”

ನನಗೆ ಆಗ ಬಂದ ಅಳು ಕೊಡ ಒದ್ದಾಗಿನದಲ್ಲ. ಭಾದ್ರಪದದಲ್ಲಿ ಹತ್ತು ದಿನದ ಪರ್ವ ಮುಗಿದ ಮೇಲೆ ನಮ್ಮವರಲ್ಲಿ ಕ್ಷಮಾವಣಿ ಅಂತ ಬರುತ್ತದೆ. ವರ್ಷದಲ್ಲಿ ತಿಳಿದು ಮಾಡಿದ್ದಕ್ಕೆ, ತಿಳಿಯದೆ ಮಾಡಿದ್ದಕ್ಕೆ, ಒಬ್ಬರ ಮುಂದೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ಸಣ್ಣವರು ದೊಡ್ಡವರೆನ್ನದೆ ಎಲ್ಲರೂ ಕೇಳಬೇಕು. ಅದಕ್ಕಿನ್ನೂ ಐದು ತಿಂಗಳಿತ್ತು. ಅಷ್ಟು ದಿನ ಇದನ್ನು ತಲೆಯ ಮೇಲೆ ಹೊತ್ತು ತಿರುಗುವವಳು ತಾನಲ್ಲ, ನಾಳೆಯೇ ಹೋಗಿ ಬರುತ್ತೇನೆ, ನೀನೂ ಬಾ ಅಂದಳು ಆಯಿ. ಹೈಸ್ಕೂಲು? ಅಂತ ಅವ್ವ ಮೆಲ್ಲಗೆ ಕೇಳಿದ್ದಕ್ಕೆ, ಹನ್ನೊಂದು ಮನೆ ಮುಗಿಯಲಿ, ಆಮೇಲೆ ನೋಡೋಣ ಅಂದಳು.

ಬೆಳಿಗ್ಗೆ ಬಸದಿಯಿಂದ ಬಂದವಳೇ ಹೊರಟಳು. ಪಕ್ಕದ ಮನೆಯಿಂದ ಶುರು ಮಾಡಲಿಲ್ಲ. ಓಣಿಯ ಆ ತುದಿಗೆ ಹೋಗಿ ಅಲ್ಲಿಂದ ಹಿಂದಕ್ಕೆ ಬಂದಳು. ವರ್ಗಕ್ಕೆ ಮೊದಲು ಬಂದ ಹುಡುಗಿಯ ತಲೆ ಸವರಿ ಪಾಪ ಅಂದದ್ದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು, ಅದಕ್ಕೇ ಆ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದಳು.

ಮೊದಲ ಮನೆಯಲ್ಲಿ ಆಯಿ ಕೈಮುಗಿದು, ದೀಪಾವಳಿಯಲ್ಲಿ ಕೊಟ್ಟ ಪೇಢಾ ತಪ್ಪು ತಿಳುವಳಿಕೆಯಿಂದ ಕೊಟ್ಟದ್ದು, ನಮ್ಮ ಹುಡುಗಿಯ ನಂಬರು ಹಿಂದಿನದು, ಮುಂದಿನದಲ್ಲ, ಕ್ಷಮಿಸಬೇಕು ಅಂದಳು. ಆ ಮನೆಯ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗೊತ್ತಿತ್ತು ಅಂದಳು. ಅವಳ ಮಗ ನನ್ನ ವರ್ಗದಲ್ಲೇ ಇದ್ದ, ಹನ್ನೆರಡನೇ ನಂಬರು. ಎರಡನೆಯ ಮನೆಯಲ್ಲೂ ಗೊತ್ತಿತ್ತು. ಮೂರನೆಯ ಮನೆಯವರು, ಬಾ ಆಯಿ, ಚಹಾ ಕುಡಿ ಅಂತ ಮಾತು ಹಾರಿಸಿದರು, ಅವರಿಗೂ ಗೊತ್ತಿತ್ತು. ನಾಲ್ಕು, ಐದು, ಆರು. ಹೋಗುತ್ತ ಹೋಗುತ್ತ ಆಯಿಯ ಮುಗಿದ ಕೈ ಸಡಿಲವಾಗಿ, ಹೆಜ್ಜೆ ಜೋರಾಯಿತು. ಏಳನೆಯ ಮನೆಯ ಮುಂದೆ ನಿಂತು ನನ್ನ ಕಡೆ ತಿರುಗಿ, ಊರಿಗೆಲ್ಲ ಗೊತ್ತು, ನಾನೊಬ್ಬಳೇ ಹುಚ್ಚಿ ಅಂತ ಗೊಣಗಿದಳು. ಸಿಟ್ಟು ಬಂದಿತ್ತು. ಕ್ಷಮೆ ಕೇಳಲು ಹೊರಟವಳು ಈಗ ಇವರೆಲ್ಲ ಯಾಕೆ ಹೇಳಲಿಲ್ಲ ಅಂತ ಅವರ ಮೇಲೇ ಸಿಟ್ಟಾಗಿದ್ದಳು. ನಾನು ನಾಲಿಗೆ ಕಚ್ಚಿಕೊಂಡು ನಗು ತಡೆದೆ.

ಹಾಗೆಯೇ ಪಕ್ಕದ ಮನೆಗೆ ಬಂದೆವು. ಹುಡುಗಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಅವ್ವ ಅಂಗಳದಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಳು. ಆಯಿ ಅಲ್ಲಿ ಮತ್ತೆ ಸರಿಯಾಗಿ ಕೈಮುಗಿದಳು. ನಿನ್ನ ಮಗಳಿಗೆ ನಾನು ಪಾಪ ಅಂದೆ, ಅವಳ ಮುಂದೆ ನನ್ನ ಮೊಮ್ಮಗಳನ್ನು ಮೆರೆಸಿದೆ, ನಿನಗೆ ಗೊತ್ತಿದ್ದೂ ಯಾಕೆ ಒಂದು ಮಾತು ಆಡಲಿಲ್ಲ ಅಂತ ಕೇಳಿದಳು.

ಆ ಹೆಂಗಸು ಮೊರ ಬದಿಗಿಟ್ಟು ಎದ್ದಳು. ಕೈಗಂಟಿದ ಸಿಪ್ಪೆ ಕೊಡವಿಕೊಂಡಳು.

“ಹೆಣ್ಣುಡುಗಿ ಹೆಸರಲೆ ಪೇಢಾ ಬಂದದ್ದು ಈ ಓಣ್ಯಾಗ ಅದ ಮೊದಲ್ರಿ ಆಯಿ,” ಅಂದಳು. “ಹಂತಾದ್ರಾಗ ನಂಬರ ಎಲ್ಲಿ ಕೇಳೂದು? ನಮ್ಮಾಕಿ ಒಂದನೇ ನಂಬರ ಬರ್ತಾಳಂತ ನಮಗ ಗೊತ್ತಿತ್ತು. ಅದಕ್ಕ ಪೇಢಾ ಮಾಡಬೇಕಂತ ಗೊತ್ತಿರಲಿಲ್ಲ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಆಯಿ ಕಟ್ಟೆಯ ಮೇಲೆ ಕೂತಳು, ನಾವಿಬ್ಬರೂ ಗಣಿತ ಮಾಡುತ್ತಿದ್ದ ಜಾಗದಲ್ಲೇ. ಮುಂದಿನ ವರ್ಷ ಏಳನೆಯದು ಮುಗಿದ ಮೇಲೆ ಇವಳನ್ನು ಏನು ಮಾಡುತ್ತೀರಿ ಅಂತ ಕೇಳಿದಳು. ಏನು ಮಾಡುವುದು, ಒಬ್ಬಳೇ ಹುಡುಗಿಯನ್ನು ಬಸ್ಸಿನಲ್ಲಿ ನಿಪ್ಪಾಣಿಗೆ ಹೇಗೆ ಕಳಿಸುವುದು, ಅವರಪ್ಪ ಒಲ್ಲೆ ಅಂತಾನೆ ಅಂದಳು ಆಕೆ.

“ಒಬ್ಬಾಕಿ ಯಾಕ? ನಮ್ಮಾಕಿನೂ ಹೊಂಟಾಳಲ್ಲ,” ಅಂದಳು ಆಯಿ, ಅದು ಎಂದೋ ಗೊತ್ತಾದ ಮಾತೆನ್ನುವ ಹಾಗೆ. “ಇಬ್ಬರೂ ಕೂಡಿ ಹೋಗ್ಲಿ. ಅವರಪ್ಪಗ ನಾ ಹೇಳ್ತೇನಿ.”

ಅಷ್ಟೇ. ನನ್ನ ಹೈಸ್ಕೂಲು ತೀರ್ಮಾನವಾದದ್ದು ಹೀಗೆ, ನನ್ನ ಕಡೆ ಒಮ್ಮೆಯೂ ನೋಡದೆ. ಒಂದು ವರ್ಷ ಕಳೆದು ಜೂನ್ ತಿಂಗಳಲ್ಲಿ ನಾವಿಬ್ಬರೂ ಆ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕದ ಸೀಟಿಗೆ ಮೊದಲ ದಿನವೇ ಜಗಳವಾಡಿದೆವು, ಅದು ಬೇರೆ ಮಾತು.

ಕ್ಷಮೆ ಕೇಳಿ ಬಂದ ಆ ಸಂಜೆ ನಮ್ಮ ಕ್ಯಾನು ಎರಡನೆಯ ಸಲ ಡೇರಿಗೆ ಹೋಗಲಿಲ್ಲ. ಆಯಿ ಮತ್ತೆ ಒಲೆಯ ಮುಂದೆ ಕೂತಳು. ಮರುದಿನ ತಾಟು ನನ್ನ ಕೈಗೆ ಕೊಟ್ಟು, ಅದೇ ಹನ್ನೊಂದು ಮನೆಗೆ ಹೋಗು, ಪಕ್ಕದ ಮನೆಯವಳು ವರ್ಗಕ್ಕೆ ಮೊದಲು ಬಂದಿದ್ದಾಳೆ ಅಂತ ಹೇಳಿ ಕೊಡು ಅಂದಳು. ಒಂದೊಂದು ಮನೆಯಲ್ಲೂ ಹೆಸರು ಹೇಳಿಯೇ ಕೊಡಬೇಕು, ಸುಮ್ಮನೆ ಕೊಟ್ಟು ಬರಕೂಡದು. ಓಣಿಯ ತುದಿಯ ಮನೆಯವಳು ಚೇಷ್ಟೆಗೆ, ಮತ್ತೆ ನಿನ್ನ ಒಂಬತ್ತರದು ಯಾವಾಗ ಅಂತ ಕೇಳಿದಳು. ನಾನು ಮನೆಗೆ ಬಂದು ಅದನ್ನು ಆಯಿಗೆ ಹೇಳಿ, ಆಸೆಯಿಂದ ಅವಳ ಮುಖ ನೋಡಿದೆ.

“ನಿಂದು ಹ್ವಾದ ದೀಪಾವಳಿಗೇ ಕೊಟ್ಟೇವಲ್ಲ,” ಅಂದಳು.

ಕೊನೆಗೆ ಪಕ್ಕದ ಮನೆ. ಹುಡುಗಿ ಬಾಗಿಲಿಗೆ ಬಂದಳು, ಕೈಯೆಲ್ಲ ಹಿಟ್ಟು. ತಾಟು ನೋಡಿ, ಈ ಸಲ ಯಾರದು ಅಂತ ಕೇಳಿದಳು. ನಿನ್ನದು ಅಂದೆ. ಅವಳು ನಂಬಲಿಲ್ಲ. ನಿನ್ನದೇ, ಒಂದನೇ ನಂಬರಿಂದು, ಆಯಿ ಕಟ್ಟಿದ್ದಾಳೆ, ಹತ್ತು ಮನೆಯಲ್ಲಿ ನಿನ್ನ ಹೆಸರು ಹೇಳಿ ಕೊಟ್ಟು ಬಂದಿದ್ದೇನೆ, ಬೇಕಾದರೆ ಹೋಗಿ ಕೇಳು ಅಂತ ರೇಗಿದೆ. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ದೀಪಾವಳಿಯಲ್ಲಿ ಒಂದೇ ತಿಂದು ಮುಗಿದವೇನು ಅಂತ ಕೇಳಿದ್ದವಳು, ಈ ಸಲ ಯಾರನ್ನೂ ಕೇಳದೆ ಎರಡು ತೆಗೆದುಕೊಂಡಳು.